ಗಂಗಾಕಾಕುವಿನ ಮಬ್ಬು ಫೋಟೋ

ನಮ್ಮ ಬಳಗದ ಮೊನ್ನೆಮೊನ್ನೆಯವರೆಗಿನ ಎಂಟು ವರ್ಷಗಳ ಯಾವ ಫೋಟೋದಲ್ಲೂ ನಾನಿಲ್ಲ. ಮದುವೆ, ಕುಬಸ, ತೊಟ್ಟಿಲು, ಮನೆಶಾಂತಿ, ಯಾವ ಆಲ್ಬಮ್ ತೆರೆದರೂ ಎಲ್ಲರೂ ಸಾಲಾಗಿ ನಿಂತಿದ್ದಾರೆ, ನಾನೊಬ್ಬನಿಲ್ಲ. ಮುಂದೆ ಯಾರಾದರೂ ಈ ಆಲ್ಬಮ್‌ಗಳನ್ನು ನೋಡಿ ನಮ್ಮ ಮನೆತನದ ಕತೆ ಬರೆದರೆ, ಈರಣ್ಣ ಎಂಬವನು ಮನೆಯವರ ಮೇಲೆ ಸಿಟ್ಟಾಗಿ ಎಂಟು ವರ್ಷ ಎಲ್ಲಿಗೋ ಹೋಗಿದ್ದ ಎಂದೇ ಬರೆದಾರು. ನಿಜವೆಂದರೆ ನಾನು ಎಲ್ಲ ಕಡೆಯೂ ಇದ್ದೆ, ಕ್ಯಾಮೆರಾದ ಹಿಂದೆ. ಇದನ್ನು ದುಃಖದಿಂದ ಹೇಳುತ್ತಿಲ್ಲ, ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಕೈಗೆ ಕ್ಯಾಮೆರಾ ಬಂದ ಮೇಲೆ ನೋಡುವವನು ತಾನು, ಉಳಿದವರೆಲ್ಲ ನೋಡಿಸಿಕೊಳ್ಳುವವರು ಎಂಬ ಭಾವನೆ ಮನುಷ್ಯನಿಗೆ ತಾನಾಗಿಯೇ ಬರುತ್ತದೆ. "ಒಂಚೂರು ಎಡಕ ಸರೀರಿ, ಗದ್ದ ಮ್ಯಾಲ ಮಾಡ್ರಿ" ಎಂದರೆ ಸಾಕು, ಅಂಗಡಿಯಲ್ಲಿ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದ ದೊಡ್ಡ ದೊಡ್ಡ ವ್ಯಾಪಾರಸ್ಥರೂ ಎಡಕ್ಕೆ ಸರಿದು ಗದ್ದ ಮೇಲೆ ಮಾಡುತ್ತಾರೆ. ಇಂಥ ಅಧಿಕಾರ ನನಗೆ ಬೇರೆ ಯಾವ ಕಡೆಯಲ್ಲೂ ಸಿಕ್ಕಿಲ್ಲ. ಮನೆಯಲ್ಲಂತೂ ಇಲ್ಲವೇ ಇಲ್ಲ.

ನನ್ನದು ಸಾಂಗಲಿಯ ಪೇಟೆಯಲ್ಲಿ ಬೆಲ್ಲ ಮತ್ತು ಅರಿಶಿನದ ಅಂಗಡಿ. ಐದನೆಯ ಇಯತ್ತೆಗೆ ಶಾಲೆ ಬಿಟ್ಟು ತಕ್ಕಡಿ ಹಿಡಿದವನು. ನಲವತ್ತು ದಾಟಿದ ಮೇಲೆ, ಮೀಸೆಯಲ್ಲಿ ಬಿಳಿಕೂದಲು ಬಂದ ಮೇಲೆ, ಹೊರಗಿನಿಂದ ಕಟ್ಟಿ ಹತ್ತನೆಯ ಪರೀಕ್ಷೆ ಪಾಸಾದೆ. ಪರೀಕ್ಷಾ ಕೋಣೆಯಲ್ಲಿ ಹುಡುಗರು ನನ್ನನ್ನು ಮೇಲ್ವಿಚಾರಕನೆಂದು ತಿಳಿದು ಎದ್ದು ನಿಂತಿದ್ದರು. ಇಂಗ್ಲಿಷಿನಲ್ಲಿ ಎಷ್ಟು ಬೇಕೋ ಅಷ್ಟೇ ಅಂಕ ಬಂದವು, ಒಂದೂ ಹೆಚ್ಚಿಲ್ಲ. ಆ ಸಂತೋಷಕ್ಕೆ ನನಗೆ ನಾನೇ ಕೊಟ್ಟುಕೊಂಡ ಬಹುಮಾನ ಈ ಕ್ಯಾಮೆರಾ. ವಿಶ್ರಾಮಬಾಗದ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಹೊಸದನ್ನು ಕೊಂಡು ಹಳೆಯದನ್ನು ನನಗೆ ಕೊಟ್ಟರು, ಜೊತೆಗೆ ಇಂಗ್ಲಿಷಿನ ದಪ್ಪ ಪುಸ್ತಕವನ್ನೂ. ಅದರಲ್ಲಿ ನಾನು ಒಂಬತ್ತನೆಯ ಪುಟದವರೆಗೆ ಓದಿದ್ದೇನೆ. ಗುಂಡಿ ಒತ್ತುವುದು ಹೇಗೆ ಎಂಬುದು ಎಂಟನೆಯ ಪುಟದಲ್ಲೇ ಬರುತ್ತದೆ.

ಈಗ ಗಂಗಾಕಾಕುವಿನ ವಿಷಯ. ನನ್ನ ತಂದೆಯ ತಮ್ಮನ ಹೆಂಡತಿ. ಎಪ್ಪತ್ತೆಂಟು ವರ್ಷ. ತವರು ಮಿರಜ ತಾಲ್ಲೂಕಿನ ಲಿಂಗನೂರು. ನನ್ನ ತಾಯಿ ಬೇಗ ತೀರಿಹೋದದ್ದರಿಂದ ನನ್ನನ್ನು ಬೆಳೆಸಿದವಳು ಇವಳೇ. ಶಾಲೆಯಲ್ಲಿ ನಾನು ಕಲಿತದ್ದು ಮರಾಠಿ. ಕನ್ನಡದ ಅಕ್ಷರಗಳನ್ನು ಕಾಕು ರೊಟ್ಟಿ ಬಡಿಯುವ ಮುಂದೆ ಹಿಟ್ಟು ನಾದುವ ಕೊಣಮಿಗೆಯಲ್ಲಿ, ಒಣಹಿಟ್ಟಿನ ಮೇಲೆ ಬೆರಳಿನಿಂದ ಬರೆದು ಕಲಿಸಿದಳು. ನಾನು ತಪ್ಪು ಬರೆದರೆ ಅದನ್ನೇ ನಾದಿ ರೊಟ್ಟಿ ಬಡಿದು ನನಗೇ ತಿನ್ನಿಸುತ್ತಿದ್ದಳು. ಈಗ ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಒಂದು ಸಾಲಿಗೆ ಒಂದು ಚಹಾ ಆರುತ್ತದೆ.

ಕಳೆದ ವರ್ಷ ದಸರೆಗೆ ಮುಂಚೆ ಕಾಕುವಿನ ಹೊಟ್ಟೆಯಲ್ಲಿ ನೋವು ಕಾಣಿಸಿಕೊಂಡಿತು. ಮಿರಜಿನ ಡಾಕ್ಟರು ಪಿತ್ತಕೋಶದಲ್ಲಿ ಕಲ್ಲುಗಳಿವೆ, ತೆಗೆಯಬೇಕು ಎಂದು ತಾರೀಖು ಕೊಟ್ಟರು. ಕಾಕು ಮಿರಜಿನ ದವಾಖಾನೆಗೆ ಅಂಜುವವಳಲ್ಲ ಎಂದೇ ನಾವು ತಿಳಿದಿದ್ದೆವು. "ಅಲ್ಲಿ ಎಲ್ಲಾ ನಮ್ಮ ಮಂದಿನ. ಅಥಣ್ಯವರು, ಜಮಖಂಡ್ಯವರು. ಕಾಟಿನ ಮ್ಯಾಲ ಮಲಕೊಂಡು ಕನ್ನಡಾ ಮಾತಾಡಬಹುದು. ನಿಮ್ಮ ಓಣ್ಯಾಗ ಅದೂ ಇಲ್ಲ" ಎನ್ನುತ್ತಿದ್ದಳು. ಆದರೆ ತಾರೀಖು ಸಿಕ್ಕ ದಿನದ ಸಂಜೆ ಒಂದು ಕರಾರು ಹಾಕಿದಳು.

"ಆಪರೇಶನ್ನಕ ಬರ್ತೇನಿ. ಅದಕ್ಕಿಂತ ಮೊದಲ ನಂದೊಂದು ಫೋಟೋ ಆಗಬೇಕು. ಗ್ವಾಡಿಗೆ ಹಾಕೂದು."

ಮಾತಿಗೆ ಮರಾಠಿ ಬೆರೆಸುವ ನನ್ನ ಹೆಂಡತಿ ಸುನಂದಾ ಲೋಟ ಕೆಳಗಿಟ್ಟಳು. "ಅಹೋ ಕಾಕು, ಹೇ ಕಾಯ ಮಾತಾಡ್ತೀರಿ? ಕಲ್ಲ ತಗ್ಯೂದು ಅದ, ಸಣ್ಣ ಆಪರೇಶನ್."

"ಸಣ್ಣದೋ ದೊಡ್ಡದೋ. ನೀವೆಲ್ಲಾ ಹ್ಯಾಂಗ ಮಾಡ್ತೀರಿ ನನಗ ಗೊತ್ತೈತಿ. ನಾ ಹೋದಮ್ಯಾಗ ಆಧಾರ ಕಾರ್ಡ ಹುಡುಕ್ತೀರಿ, ಅದರಾಗಿಂದ ಫೋಟೋ ದೊಡ್ಡದು ಮಾಡಸ್ತೀರಿ. ಆ ಕಾರ್ಡನ್ಯಾಗ ನಾ ಸುಪಾರಿ ಕದ್ದಾಕಿ ಹಂಗ ಕಾಣಸ್ತೇನಿ. ಆ ಮಾರಿ ಹೊತಗೊಂಡು ನಾ ನಾಕು ತಲಿ ಗ್ವಾಡಿ ಮ್ಯಾಲ ಕುಂದ್ರಬೇಕು?"

ಅವಳ ಮಾತಿನಲ್ಲಿ ಸತ್ಯವಿತ್ತು. ಆಧಾರ ಕಾರ್ಡನ್ನು ಎಲ್ಲಿಟ್ಟಿದ್ದೇವೆ ಎಂದು ನಾನು ಮನಸ್ಸಿನಲ್ಲಿ ಆಗಲೇ ನೆನಪಿಸಿಕೊಂಡಿದ್ದೆ. ಸ್ಟುಡಿಯೋಕ್ಕೆ ಹೋಗೋಣ ಎಂದರೆ ಅವಳು ಪಡಸಾಲೆಯ ಗೋಡೆಯತ್ತ ಕೈ ತೋರಿಸಿದಳು. ಅಲ್ಲಿ ಅವಳ ಗಂಡ ಮಲ್ಲೇಶಪ್ಪ ಕಾಕಾನ ಫೋಟೋ ಇದೆ. ಕಾಕಾ ಹುಟ್ಟಿದಾರಭ್ಯ ಧೋತರ ಮತ್ತು ಬಿಳಿ ಅಂಗಿ ಬಿಟ್ಟು ಬೇರೇನೂ ಹಾಕಿದವನಲ್ಲ. ಸ್ಟುಡಿಯೋದವನು ಅವನಿಗೆ ಸತ್ತ ಮೇಲೆ ಕರಿಯ ಕೋಟು, ಕೆಂಪು ಟೈ ತೊಡಿಸಿದ್ದಾನೆ. "ಹನ್ನೆರಡು ವರಸ ಆತು, ಬ್ಯಾಸಗ್ಯಾಗೂ ಆ ಕೋಟ ಹಾಕ್ಕೊಂಡ ಅದಾರ" ಎಂದಳು ಕಾಕು. "ನನಗ ಏನ ತೊಡಸ್ತಾನೋ ಯಾರಿಗೆ ಗೊತ್ತ." ಸುನಂದಾ ತನ್ನ ಫೋನಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದಳು. ಆ ಫೋನು ಎಲ್ಲರ ಮುಖದ ಸುಕ್ಕನ್ನೂ ಇಸ್ತ್ರಿ ಮಾಡಿ ಕೊಡುವ ಜಾತಿಯದು. ಕಾಕು ಬಹಳ ಹೊತ್ತು ನೋಡಿ, "ಛಂದ ಅದಾಳ. ಯಾರ ಮಗಳು?" ಎಂದು ಕೇಳಿದಳು.

ಹಾಗಾಗಿ ಕೆಲಸ ನನಗೆ ಬಂತು. "ಎಂಟ ವರಸ ಊರ ಮಂದೀದೆಲ್ಲಾ ತಗದಿ. ನಂದ ತಗೀ ನೋಡೂನು" ಎಂದಳು. ತಾರೀಖಿಗೆ ಇನ್ನೂ ಹನ್ನೆರಡು ದಿನವಿತ್ತು. ದಸರೆ ಮುಗಿದು ನಾಲ್ಕು ದಿನವಾಗಿತ್ತು.

ಒಂದು ಆಯ್ತವಾರ ಬೆಳಿಗ್ಗೆ ಕಾಕುವನ್ನು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದೆ. ಇಳಕಲ್ಲ ಸೀರೆ, ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಕಿಟಕಿಯಿಂದ ಒಳ್ಳೆಯ ಬೆಳಕು. ನಾನು ಐದು ಹೆಜ್ಜೆ ಹಿಂದೆ ಹೋಗಿ, ಮತ್ತೆ ಮೂರು ಹೆಜ್ಜೆ ಮುಂದೆ ಬಂದು, ಒಂದು ಮೊಣಕಾಲೂರಿ, ಚಷ್ಮಾ ಹಣೆಯ ಮೇಲೇರಿಸಿ, ಕಣ್ಣು ಕಿರಿದು ಮಾಡಿ ಒತ್ತಿದೆ. ನನಗೆ ಚಷ್ಮಾ ಇಲ್ಲದೆ ಕ್ಯಾಮೆರಾದ ಕಿಂಡಿಯಲ್ಲಿ ಎಲ್ಲವೂ ಮೊದಲಿನಿಂದಲೂ ಮಬ್ಬಾಗಿಯೇ ಕಾಣುತ್ತದೆ. ಅದಕ್ಕೇನು, ನೋಡಬೇಕಾದ್ದು ಕ್ಯಾಮೆರಾ ತಾನೇ ನೋಡಿಕೊಳ್ಳುತ್ತದೆ ಎಂದು ಎಂಟು ವರ್ಷ ನಂಬಿ ಬಂದವನು. ಹತ್ತು ಹನ್ನೆರಡು ಫೋಟೋ ತೆಗೆದು, ಚಷ್ಮಾ ಇಳಿಸಿ, ಹಿಂದಿನ ಪರದೆಯಲ್ಲಿ ಕಾಕುವಿನ ಮುಖವನ್ನು ದೊಡ್ಡದು ಮಾಡಿ ನೋಡಿದೆ. ಮಬ್ಬು. ಮೂಗಿದ್ದಲ್ಲಿ ಮೂಗಿದೆ ಎಂದು ನಂಬಬೇಕಷ್ಟೆ. ಹನ್ನೆರಡೂ ಹಾಗೆಯೇ.

"ತಾ ಇಲ್ಲಿ" ಎಂದು ಕಾಕು ಕ್ಯಾಮೆರಾ ಇಸಿದುಕೊಂಡಳು. ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಏ ಈರಣ್ಣ, ನಿಮ್ಮ ಕಾಕಾ ಎಷ್ಟ ಸ್ವಚ್ಛ ಬಂದಾರ ನೋಡಲ್ಲೆ. ಕೋಟಿನ ಗುಂಡಿ ಎಣಸಬಹುದು. ಸತ್ತಾರು ಕಾಣಾಕತ್ತಾರ, ಬದಕಿದಾಕಿ ಕಾಣವಲ್ಲಳು."

ಓದುಗರೇ, ಇಲ್ಲೊಂದು ತಪ್ಪೊಪ್ಪಿಗೆ ಇದೆ. ಕಾಕು ಅಂದು ಹೇಳಿದ ಆ ಮಾತಿನಲ್ಲಿ ಇಡೀ ರೋಗದ ನಿದಾನವಿತ್ತು. ನಾನು ಅದನ್ನು ಚೇಷ್ಟೆ ಎಂದು ತಿಳಿದೆ. ನಮ್ಮ ಮನೆಯಲ್ಲಿ ಕಾಕು ಆಡುವ ಹತ್ತು ಮಾತುಗಳಲ್ಲಿ ಒಂಬತ್ತು ನನ್ನನ್ನು ಕಾಡಿಸಲಿಕ್ಕೆ ಇರುತ್ತವೆ. ಹತ್ತನೆಯದನ್ನು ಹುಡುಕುವ ರೂಢಿ ನನಗಿರಲಿಲ್ಲ.

ಮುಂದಿನ ದಿನಗಳಲ್ಲಿ ನಾನು ಲೆನ್ಸಿಗೆ ಮಾಡಿದ ಉಪಚಾರಗಳನ್ನು ಯಾವ ಆಸ್ಪತ್ರೆಯೂ ಯಾವ ರೋಗಿಗೂ ಮಾಡಿರಲಿಕ್ಕಿಲ್ಲ. ಮೊದಲು ಮೆತ್ತಗಿನ ಹಳೆಯ ಧೋತರದಿಂದ ಒರೆಸಿದೆ. ಆಮೇಲೆ ಒರೆಸಿದ ಗುರುತನ್ನು ಒರೆಸಿದೆ. ಫೋನಿನಲ್ಲಿ ಹುಡುಕಿದರೆ ಒಬ್ಬಾತ ಇಂಗ್ಲಿಷು ಬೆರೆತ ಹಿಂದಿಯಲ್ಲಿ, ಲೆನ್ಸಿನೊಳಗೆ ಬೂಸು ಬೆಳೆದರೆ ಹೀಗಾಗುತ್ತದೆ, ತೇವ ತೆಗೆಯಬೇಕು ಎಂದ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹುಗಿಯುತ್ತಾರೆಂದು ಕೇಳಿದ್ದೆ. ನಾವು ರೊಟ್ಟಿಯ ಮಂದಿ, ಅಕ್ಕಿ ಮನೆಯಲ್ಲಿ ಒಂದು ಪಾವೂ ಇರುವುದಿಲ್ಲ. ಜೋಳದ ಡಬ್ಬಿಯಲ್ಲಿ ಹುಗಿದೆ. ಮರುದಿನ ಸುನಂದಾ ಗಿರಣಿಗೆ ಹಾಕಲು ಜೋಳ ತೆಗೆಯುವಾಗ ಅದು ಅವಳ ಕೈಗೆ ಬಂತು. "ದೇವಾಚೀ ಶಪಥ, ಇನ್ನೊಂದು ಮಿನಿಟ ಆಗಿದ್ದರ ನಿಮ್ಮ ಲೆನ್ಸಿಂದ ರೊಟ್ಟಿ ಬಡೀತಿದ್ದೆ" ಎಂದಳು. ಬಿಸಿಲೂ ಒಳ್ಳೆಯದೆಂದು ಅದೇ ಹಿಂದಿಯವನು ಹೇಳಿದ್ದರಿಂದ ಮಾಳಿಗೆಯಲ್ಲಿ ಹಾಸಿದ ಸೀರೆಯ ಮೇಲೆ ಸಂಡಿಗೆಯ ಪಕ್ಕ ಲೆನ್ಸನ್ನೂ ಇಟ್ಟೆ. ಕಾಕು ಕೋಲು ಹಿಡಿದು ಎರಡನ್ನೂ ಕಾದಳು. ಸಂಜೆ ಇಳಿದು ಬಂದು ವರದಿ ಒಪ್ಪಿಸಿದಳು: "ಕಾಗಿ ಸಂಡಗಿ ಎರಡು ಒಯ್ದು ಹೋದುವು. ನಿನ್ನ ಲೆನ್ಸ ಮೂಸಿ ನೋಡಿ ಬಿಟ್ಟು ಹೋದುವು."

ಕೊನೆಗೆ ಶಾಸ್ತ್ರೋಕ್ತ ಪರೀಕ್ಷೆಗೆ ಇಳಿದೆ. ಗೋಡೆಗೆ ಒಂದು ಮರಾಠಿ ಪತ್ರಿಕೆ ಅಂಟಿಸಿ, ಕ್ಯಾಮೆರಾವನ್ನು ಅಲುಗಾಡದಂತೆ ಸ್ಟೂಲಿನ ಮೇಲಿಟ್ಟು ಫೋಟೋ ತೆಗೆಯಬೇಕಂತೆ. ಅಕ್ಷರ ಓದಲು ಬಂದರೆ ಲೆನ್ಸ್ ಸರಿ, ಬಾರದಿದ್ದರೆ ಲೆನ್ಸ್ ಕೆಟ್ಟಿದೆ. ನಾನು ಕಾಕಾನ ಫೋಟೋದ ಪಕ್ಕದಲ್ಲೇ ಪತ್ರಿಕೆ ಅಂಟಿಸಿದೆ. ತೆಗೆದೆ. ಸೊಗಸಾಗಿ ಬಂತು. ಸಣ್ಣ ಜಾಹೀರಾತುಗಳೂ ಓದಲು ಬಂದವು. ತಾಸುಗಟ್ಟಲೆ ಓದಿದೆ. ಲೆನ್ಸ್ ಸರಿಯಿದೆ ಎಂದು ಸಿದ್ಧವಾಯಿತು. ಲೆನ್ಸ್ ಸರಿಯಿದ್ದು ಫೋಟೋ ಮಬ್ಬಾಗುತ್ತಿದ್ದರೆ ದೋಷ ಎಲ್ಲಿರಬೇಕು? ಹತ್ತನೆಯ ಇಯತ್ತೆ ಪಾಸಾದವನು ತರ್ಕ ಮಾಡಿದರೆ ಹೀಗಾಗುತ್ತದೆ. ಒಳಗೆ ಹೋಗಿ ಹೇಳಿಯೇಬಿಟ್ಟೆ.

"ಕಾಕು, ಕ್ಯಾಮೆರಾ ಬರೋಬ್ಬರಿ ಐತಿ. ನೀವ ಅಳಗ್ಯಾಡಾಕತ್ತೀರಿ."

ಕಾಕು ನನ್ನ ಮುಖ ನೋಡಿದಳು. "ಹೌದೇನ?" ಎಂದಳು ಅಷ್ಟೆ. ಮರುದಿನ ತಾನಾಗಿಯೇ ಬಂದು ಕುರ್ಚಿಯಲ್ಲಿ ಕುಳಿತಳು. ಬೆನ್ನಿಗೊಂದು ಲೋಡು, ಎಡಬಲಕ್ಕೆ ಎರಡು ಗಾದಿ ಒತ್ತಿಸಿಕೊಂಡು, ಕೈ ಎರಡನ್ನೂ ಮೊಣಕಾಲಿಗೆ ಬಿಗಿಹಿಡಿದು, ಉಸಿರು ಕಟ್ಟಿ ಕುಳಿತಳು. ನಾನು ಒತ್ತಿದೆ. ಮತ್ತೆ ಮಬ್ಬು. ಪರದೆ ನೋಡಿ ಕಾಕು ಮೆಲ್ಲಗೆ ಹೇಳಿದಳು: "ಇನ್ನೂ ಆಪರೇಶನ್ ಆಗಿಲ್ಲ, ಆಗಲೇ ಅಳಸಾಕತ್ತೇನೇನೋ." ಇದು ಒಂಬತ್ತರಲ್ಲಿ ಒಂದೋ, ಹತ್ತನೆಯದೋ ಎಂದು ನನಗೆ ತಿಳಿಯಲಿಲ್ಲ. ನಾನು ನಕ್ಕೆ. ಅವಳು ನಗಲಿಲ್ಲ.

ತಾರೀಖು ಬಂದು ಹೋಯಿತು. ಕಾಕು ಕರಾರು ಬಿಡಲಿಲ್ಲ, ಫೋಟೋ ಬರಲಿಲ್ಲ. ಆ ವಾರ ಒಂದು ಬೆಳಿಗ್ಗೆ ನೋವು ಹೇಗೆ ಬಂತೆಂದರೆ ಅವಳು ಅಡುಗೆಮನೆಯ ಕಂಬ ಹಿಡಿದು ಕುಸಿದು ಕೂತಳು. ಡಾಕ್ಟರು ಎಂಟು ದಿನದಲ್ಲಿ ಇನ್ನೊಂದು ತಾರೀಖು ಕೊಟ್ಟು, "ಈ ಸಲ ತಪ್ಪಿಸಬೇಡಿ, ಕಲ್ಲು ಜಾರಿದರೆ ಕಷ್ಟ" ಎಂದು ನನಗೊಬ್ಬನಿಗೇ ಹೊರಗೆ ಕರೆದು ಹೇಳಿದರು. ಮನೆಗೆ ಬಂದು ಕಾಕುವಿನ ಕಾಲು ಹಿಡಿದು ಕೇಳಿದೆ, ಫೋಟೋ ಆಮೇಲೆ ತೆಗೆಯೋಣ ಎಂದು. ಅವಳು ಗೋಡೆಯತ್ತ ತಿರುಗಿ ಮಲಗಿದಳು. "ಫೋಟೋ ಆಗಲಿ, ಬರ್ತೇನಿ" ಎಂದಳು. ಸುನಂದಾ ನನ್ನನ್ನು ಹೊರಗೆ ಎಳೆದು ತಂದು ಹೇಳಿದಳು: "ಅಹೋ, ನಿಮ್ಮ ಶಾಣ್ಯಾತನ ಸಾಕ ಮಾಡ್ರಿ. ಮಿರಜಕ ಹೋಗಿ ಯಾರರೆ ತಿಳದವರಿಗೆ ತೋರಸ್ರಿ."

ಮಿರಜಿನಲ್ಲಿ ಸಿತಾರು ಮಾಡುವವರ ಓಣಿ ದಾಟಿದ ಮೇಲೆ ಇಬ್ರಾಹಿಂ ಚಾಚಾನ ಅಂಗಡಿ. ಮೊದಲು ಅವರೂ ಸಿತಾರಿನ ಕಾರಖಾನೆಯಲ್ಲಿದ್ದವರು. ತಂತಿಗಳು ಹಾಯುವ ಎಲುಬಿನ ಪಟ್ಟಿಯನ್ನು ಕೂದಲೆಳೆಯಷ್ಟು ಉಜ್ಜಿ ನಾದ ಬಿಡಿಸುವ ಕೆಲಸ. ಕೈ ಅಷ್ಟು ನವಿರಾಗಿದ್ದರಿಂದ ಜನ ಗಡಿಯಾರ ತಂದರು, ಆಮೇಲೆ ಕ್ಯಾಮೆರಾ ತಂದರು, ಹಾಗೆಯೇ ಅದೇ ಕಸುಬಾಯಿತು. ನಾನು ಮುಂಜಾನೆ ಹತ್ತಕ್ಕೆ ಹೋದಾಗ ಅವರು ಒಬ್ಬರೇ ಕೂತು ಒಂದು ಹಳೆಯ ಗಡಿಯಾರಕ್ಕೆ ಕಿವಿ ಕೊಟ್ಟಿದ್ದರು.

"ಬರ್ರಿ ಶೇಠ, ಕುಂದ್ರಿ. ಏನ ಜಡ್ಡು?"

ನಾನು ರೋಗದ ಚರಿತ್ರೆಯನ್ನು ಮೊದಲಿನಿಂದ ಹೇಳಿದೆ. ಬೂಸು, ಜೋಳದ ಡಬ್ಬಿ, ಸಂಡಿಗೆ, ಪತ್ರಿಕೆ. ಇಂಥ ಕಡೆ ನನಗೆ ಮಾತು ಬೇಗ ಮುಗಿಯುವುದಿಲ್ಲ. ಚಾಚಾ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ, "ಫೋಟೋ ತೋರಸ್ರಿ" ಎಂದರು. ನಾನು ಕಾಕುವಿನ ಮುಖ ದೊಡ್ಡದು ಮಾಡಿ ತೋರಿಸಿದೆ. ಅವರು ಅದನ್ನು ಚಿಕ್ಕದು ಮಾಡಿ ಪೂರ್ತಿ ಫೋಟೋ ನೋಡಿದರು.

"ಹಿಂದ ಇರೋ ಸಾಹೇಬರು ಯಾರು? ಕೋಟಿನವರು?"

"ನಮ್ಮ ಕಾಕಾ. ಹೋಗಿ ಹನ್ನೆರಡ ವರಸ ಆತರಿ."

"ಭಾಳ ಛಲೋ ಬಂದಾರ. ಲೆನ್ಸಿಗೆ ಏನೂ ಆಗಿಲ್ಲ ನೋಡ್ರಿ. ಅದರ ನೆದರ ಕಾಕಾನ ಮ್ಯಾಲ ನಿಂತೈತಿ. ಕಾಕು ಮುಂದ ಕುಂತಾರ, ಅವರನ್ನ ಅದು ನೋಡವಲ್ಲದು." ಆಮೇಲೆ ಲೆನ್ಸನ್ನು ಕಿವಿಗೆ ಹಚ್ಚಿ ಗುಂಡಿಯನ್ನು ಅರ್ಧ ಒತ್ತಿದರು. ಮತ್ತೊಮ್ಮೆ ಒತ್ತಿದರು. "ಒಳಗ ಒಂದು ಸಣ್ಣ ಮೋಟರ ಗುಂಯ್ ಅನ್ನಬೇಕು. ಅಂತಿಲ್ಲ." ಲೆನ್ಸಿನ ಪಕ್ಕದಲ್ಲಿ ಒಂದು ಅಕ್ಕಿಕಾಳಿನಷ್ಟು ಗುಂಡಿಯಿದೆ. ಮೇಲೆ ಎ ಎಂಬ ಅಕ್ಷರ, ಕೆಳಗೆ ಎಂ. ಚಾಚಾ ಅದನ್ನು ಉಗುರಿನಿಂದ ತಳ್ಳಿದರು. ಅಲುಗಲಿಲ್ಲ. "ಇದು ಎಂ ಮ್ಯಾಲ ಐತಿ. ಎಂ ಅಂದರ ಕೈಲೆ ತಿರಗಸೂದು. ಎ ಅಂದರ ತಾನ ತಿರಗತೈತಿ. ಇದು ಎಂದ ಕೆಳಗ ಬಂತು?"

ನಾನು ಚಷ್ಮಾ ತೆಗೆದು ಒರೆಸತೊಡಗಿದೆ. ಏಕೆಂದರೆ ಅದು ಕೆಳಗೆ ಬಂದದ್ದನ್ನು ನಾನು ಗಮನಿಸಿದ್ದೆ. ಎಂ ಎಂದರೆ ಮಾರ್ನಿಂಗ್ ಇರಬೇಕು, ಎ ಎಂದರೆ ಆಫ್ಟರ್‌ನೂನ್ ಇರಬೇಕು, ಬೆಳಗಿನ ಬೆಳಕಿನಲ್ಲಿ ತೆಗೆಯುತ್ತಿರುವಾಗ ಇರುವಲ್ಲೇ ಇರಲಿ ಎಂದು ಬಿಟ್ಟಿದ್ದೆ. ಇಂಗ್ಲಿಷಿನಲ್ಲಿ ಎಷ್ಟು ಬೇಕೋ ಅಷ್ಟೇ ಅಂಕ ಬಂದಿದ್ದವೆಂದು ಮೊದಲೇ ಹೇಳಿದ್ದೇನೆ.

ಚಾಚಾ ಸಿತಾರಿನ ಕಾಲದ ಒಂದು ಸೂಜಿ ತೆಗೆದು ಗುಂಡಿಯ ಸಂದಿಯಲ್ಲಿ ಆಡಿಸಿದರು. ಬಿಳಿಯ ಪುಡಿ ಉದುರಿತು. ಬೆರಳಿಗೆ ಹಚ್ಚಿಕೊಂಡು ಮೂಸಿದರು, ನನ್ನ ಹಣೆ ನೋಡಿದರು, ಮತ್ತೆ ಪುಡಿ ನೋಡಿದರು. "ಶೇಠ, ಇದು ನಿಮ್ಮ ಹಣಿ ಮ್ಯಾಲ ಇರೋದ."

ಹೇಳಲೇಬೇಕಾಯಿತು. ದಸರೆಯ ಹಿಂದಿನ ದಿನ, ಖಂಡೇನವಮಿಗೆ, ನಮ್ಮಲ್ಲಿ ಕಸುಬಿನ ಎಲ್ಲ ಸಾಮಾನಿಗೂ ಪೂಜೆ. ತಕ್ಕಡಿ, ತೂಕದ ಕಲ್ಲು, ಖಾತೆ ಪುಸ್ತಕ, ಕುಡುಗೋಲು, ಸುನಂದಾಳ ಮಿಕ್ಸರ್, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ವಿಭೂತಿ ಹಚ್ಚುತ್ತೇವೆ. ಈ ಸಲ ಮೊದಲ ಬಾರಿಗೆ ಕ್ಯಾಮೆರಾವನ್ನೂ ಇಟ್ಟಿದ್ದೆ. ಸುನಂದಾ ಕುಂಕುಮ ಹಚ್ಚಲು ಬಂದಾಗ ನಾನು ಅವಳ ಕೈ ಹಿಡಿದು, "ಕುಂಕುಮ ಕಲಿ ಆಗ್ತೈತಿ, ನಾಜೂಕ ಸಾಮಾನು, ನಿನಗ ತಿಳ್ಯಾಂಗಿಲ್ಲ" ಎಂದು ಸರಿಸಿ, ನಾನೇ ವಿಭೂತಿಯನ್ನು ನೀರಿನಲ್ಲಿ ಕಲಸಿ, ಲೆನ್ಸಿನ ಮೈಗೆ ಮೂರು ಬೆರಳು ಎಳೆದಿದ್ದೆ. ಗಟ್ಟಿಯಾಗಿ ಎಳೆದಿದ್ದೆ. ಭಕ್ತಿ ಇತ್ತು. ಆ ಎಳೆತಕ್ಕೆ ಗುಂಡಿ ಕೆಳಗೆ ಜಾರಿತು. ಒದ್ದೆ ವಿಭೂತಿ ಸಂದಿಗಿಳಿದು ಒಣಗಿ ಅದನ್ನು ಅಲ್ಲೇ ಕೂರಿಸಿಬಿಟ್ಟಿತು.

ಚಾಚಾ ಬಹಳ ಮರ್ಯಾದೆಯ ಮನುಷ್ಯ. ನಗಲಿಲ್ಲ. ಸೂಜಿಯಿಂದ ಕೆದರಿ, ಊದಿ, ಒಂದು ಹನಿ ಏನೋ ಬಿಟ್ಟು ಗುಂಡಿಯನ್ನು ಮೇಲೆ ತಂದರು. ಕಿವಿಗೆ ಹಚ್ಚಿ, "ಹಾಂ, ಈಗ ಸುರದಾಗ ಬಂತು" ಎಂದರು. ಆಮೇಲೆ ಕೇಳಿದರು: "ಕಾಕಾ ಸ್ವಚ್ಛ ಬಂದಾರಂತ ಮನ್ಯಾಗ ಯಾರೂ ನೋಡಲಿಲ್ಲೇನ್ರಿ?"

"ಕಾಕು ನೋಡಿದ್ರು. ಮೊದಲನೇ ದಿನಾನ ಹೇಳಿದ್ರು."

"ಮತ್ತ ಅವರನ್ನ ಕರಕೊಂಡ ಬರಬೇಕಿತ್ತು. ನೀವ್ಯಾಕ ಬಂದ್ರಿ?"

ಮರುದಿನವೇ ದವಾಖಾನೆಗೆ ಸೇರಿಸುವ ದಿನ. ಬೆಳಿಗ್ಗೆ ರಿಕ್ಷಾ ಬಾಗಿಲಿಗೆ ಬಂದು ನಿಂತಿತ್ತು. ಕಾಕು ಸೀರೆ ಉಟ್ಟು, ಆದರೆ ಚೀಲ ಕಟ್ಟದೆ, ಕುರ್ಚಿಯಲ್ಲಿ ಬಂದು ಕೂತಳು. ಲೋಡು ಗಾದಿ ಬೇಡವೆಂದೆ. "ಅಳಗ್ಯಾಡಿದ್ರ?" ಎಂದಳು. "ಅಳಗ್ಯಾಡ್ರಿ ಕಾಕು. ನೀವಲ್ಲ ಅಳಗ್ಯಾಡಿದ್ದು" ಎಂದೆ. ಒತ್ತಿದೆ. ಲೆನ್ಸು ಗುಂಯ್ ಎಂದಿತು. ಒಂದೇ ಒಂದು ತೆಗೆದು ಚಷ್ಮಾ ಇಳಿಸಿ ಪರದೆ ನೋಡಿದೆ.

ಎಲ್ಲವೂ ಬಂದಿತ್ತು. ರೆಪ್ಪೆಯ ಕೂದಲು, ಕಣ್ಣಂಚಿನ ಸುಕ್ಕು, ವಿಭೂತಿಯಲ್ಲಿ ಬೆರಳಿನ ಗೆರೆ. ಹಿಂದೆ ಗೋಡೆ ಹಾಲಿನಂತೆ ಕರಗಿಹೋಗಿತ್ತು. ಮೂರು ವಾರದಿಂದ ನಾನು ಆ ಮುಖವನ್ನು ದಿನವೂ ದೊಡ್ಡದು ಮಾಡಿ ಮಾಡಿ ನೋಡಿದ್ದೆ. ಅದರಲ್ಲಿ ಏನಿದೆ ಎಂದು ಅಂದೇ ಮೊದಲು ನೋಡಿದೆ. ಕಾಕು ಅಂಜಿದ್ದಳು. ಕಣ್ಣು ನನ್ನನ್ನಲ್ಲ, ನನ್ನ ಹಿಂದಿನ ಬಾಗಿಲಲ್ಲಿ ನಿಂತ ರಿಕ್ಷಾವನ್ನು ನೋಡುತ್ತಿತ್ತು. ತುಟಿ ಬಿಗಿದಿತ್ತು. ನಮ್ಮನ್ನೆಲ್ಲ ಮಾತಿನಿಂದ ಹೊಡೆದು ಹಾಕುವ ಹೆಂಗಸು ಮಿರಜಕ್ಕೆ ಹೋಗುವುದನ್ನು ಒಂದು ಫೋಟೋದ ನೆಪ ಹಿಡಿದು ಇಷ್ಟು ದಿನ ಮುಂದೆ ತಳ್ಳಿದ್ದಳು. ನಾನು ಜೋಳದ ಡಬ್ಬಿಯಲ್ಲಿ ಲೆನ್ಸ್ ಹುಗಿಯುತ್ತಿದ್ದೆ.

ಕ್ಯಾಮೆರಾ ಕೊಡಲು ಮನಸ್ಸಾಗಲಿಲ್ಲ. ಅವಳೇ ಕೈ ಚಾಚಿ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. ಸುನಂದಾ ಒಳಗಿನಿಂದ ಬಂದು ನಿಂತಳು. ಹೊರಗೆ ರಿಕ್ಷಾದವನು ಎರಡು ಸಲ ಹಾರ್ನ್ ಒತ್ತಿದ.

"ಫೋಟೋ ಛಲೋ ಐತಿ" ಎಂದಳು ಕಾಕು. "ಖರೇನ ಛಲೋ ಐತಿ. ಆದರ ಇದು ಅಂಜಬುರಕಿ ಫೋಟೋ. ಇದನ್ನ ಗ್ವಾಡಿಗೆ ಹಾಕಾಕ ಬರಾಂಗಿಲ್ಲ. ನಾಕು ತಲಿ ನೋಡಿ ನಗತಾವ." ಕ್ಯಾಮೆರಾ ನನ್ನ ಕೈಗಿಟ್ಟು ಎದ್ದಳು. "ಸುನಂದಾ, ನನ್ನ ಚೀಲಾ ಕಟ್ಟ. ಬಂದಮ್ಯಾಗ ಇನ್ನೊಂದು ತಗಸಕೋತೇನಿ. ಏ ಈರಣ್ಣ, ಇದನ್ನ ಅಳಸಿ ಹಾಕು ಮತ್ತ."

ಆಪರೇಷನ್ ಸುಸೂತ್ರವಾಯಿತು. ಐದನೆಯ ದಿನ ಕಾಕು ತನ್ನ ಕಲ್ಲುಗಳನ್ನು ಒಂದು ಸಣ್ಣ ಶೀಶೆಯಲ್ಲಿ ಹಾಕಿಸಿಕೊಂಡು ಮನೆಗೆ ಬಂದಳು. ಜಮಖಂಡಿಯ ಇಬ್ಬರು ಹೆಂಗಸರ ಸ್ನೇಹವನ್ನೂ ತಂದಿದ್ದಳು. ಹದಿನೈದು ದಿನದಲ್ಲಿ ದನಿ ಮೊದಲಿನಂತಾಯಿತು, ಮತ್ತು ಒಂದು ಆಯ್ತವಾರ ಇಳಕಲ್ಲ ಸೀರೆ ಉಟ್ಟು ಬಂದು ಕುರ್ಚಿಯಲ್ಲಿ ಕೂತಳು. "ಈಗ ತಗೀ. ಈಗ ನಾ ಯಾರಿಗೂ ಅಂಜಾಂಗಿಲ್ಲ. ಇದೊಂದು ಆತಂದರ ಮುಗೀತು, ನನ್ನ ಕೆಲಸ ಎಲ್ಲಾ ಮುಗದಂಗ."

ನಾನು ಚಷ್ಮಾ ಹಣೆಗೇರಿಸಿದೆ. ಅವಳ ಆ ಕೊನೆಯ ಮಾತು ನನಗೆ ಅಷ್ಟೊಂದು ಸೇರಲಿಲ್ಲ. ಎಡಗೈಯ ಹೆಬ್ಬೆರಳು ತಾನಾಗಿಯೇ ಲೆನ್ಸಿನ ಪಕ್ಕಕ್ಕೆ ಹೋಯಿತು. ಗುಂಡಿ ಈಗ ಎಂ ಕಡೆಗೂ ಬೆಣ್ಣೆಯಂತೆ ಜಾರುತ್ತದೆ. ಚಾಚಾನ ಕೈ ಅಂಥದು.

"ಬಂತೇನ?"

"ಇಲ್ಲ ಕಾಕು. ಮಬ್ಬ ಬಂತು."

"ನಿನ್ನ ಕೈಯಾಗ ಏನೂ ಇಲ್ಲ ಬಿಡು" ಎಂದಳು ಕಾಕು, ಸಮಾಧಾನದಿಂದ. "ಮುಂದಿನ ಆಯ್ತವಾರ ಕುಂದ್ರತೇನಿ."

ಅದಾಗಿ ಈಗ ಎಷ್ಟೋ ಆಯ್ತವಾರಗಳಾದವು. ಸುನಂದಾಳಿಗೆ ಗೊತ್ತಿದೆ, ಆದರೆ ಅವಳು ಆ ಹೊತ್ತಿಗೆ ಒಳಗೆ ರೊಟ್ಟಿ ಬಡಿಯುತ್ತಿರುತ್ತಾಳೆ. ಓಣಿಯಲ್ಲಿ ಮಾತ್ರ ನನ್ನ ಹೆಸರು ಪೂರ್ತಿ ಹೋಗಿದೆ. ಮೊನ್ನೆ ಒಂದು ಮದುವೆಗೆ ನನ್ನನ್ನು ಕರೆದವರು, "ಈರಣ್ಣಾರ, ನೀವು ಬರ್ರಿ, ಕ್ಯಾಮೆರಾ ಬ್ಯಾಡ" ಎಂದು ಸ್ಪಷ್ಟವಾಗಿಯೇ ಹೇಳಿದರು. ಹೋಗಿ ಎಲ್ಲರ ಜೊತೆ ಸಾಲಾಗಿ ನಿಂತೆ. ಫೋಟೋದವನು ನನಗೆ ಎಡಕ್ಕೆ ಸರಿಯಲು ಹೇಳಿದ, ಸರಿದೆ. ಇದನ್ನೆಲ್ಲ ತಡೆದುಕೊಳ್ಳಬಲ್ಲೆ. ತೊಂದರೆ ಬಂದಿರುವುದು ಬೇರೆ ಕಡೆಯಿಂದ. ಸುದ್ದಿ ಮಿರಜಿಗೂ ಮುಟ್ಟಿದೆ. ನಿನ್ನೆ ಇಬ್ರಾಹಿಂ ಚಾಚಾನ ಫೋನ್ ಬಂದಿತ್ತು.

"ಶೇಠ, ನಾ ರಿಪೇರಿ ಮಾಡಿದ್ದ ಲೆನ್ಸು ಇನ್ನೂ ಮಬ್ಬ ತಗೀತೈತಂತ ಮಂದಿ ಮಾತಾಡಾಕತ್ತಾರ. ನಲವತ್ತ ವರಸದಾಗ ನನಗ ಹಿಂಗ ಯಾರೂ ಅಂದಿಲ್ಲ. ನಾಳೆ ಕ್ಯಾಮೆರಾ ತಗೊಂಡ ಬರ್ರಿ. ಬರೂಮುಂದ ಕಾಕುನ್ನೂ ಕರಕೊಂಡ ಬರ್ರಿ, ನಾ ನನ್ನ ಕೈಲೆ ತಗದ ತೋರಸ್ತೇನಿ."

ಹೂಂ ಎಂದಿದ್ದೇನೆ. ನಾಳೆ ಏನು ಹೇಳಿ ತಪ್ಪಿಸಿಕೊಳ್ಳುವುದೆಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಇನ್ನೂ ಹೊಳೆದಿಲ್ಲ.